ಓದುಗರ ಪ್ರಶ್ನೆ: ಆಫೀಸ್ ಕಂಪ್ಯೂಟರಿನ ಬೀಗದ ಕೈ ಯಾರ ಹತ್ತಿರ ಇದೆ?

ಹೋದ ತಿಂಗಳು ಮೊಬೈಲ್‌ಗೆ ಬರುವ ಮೋಸದ ಕರೆಗಳ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಆಫೀಸಿನ ಚಿಂತೆ. ಅಡಿಕೆ ಮಂಡಿ, ಸೊಸೈಟಿ, ನರ್ಸಿಂಗ್ ಹೋಮ್, ಶಾಲೆ, ಹೋಂಸ್ಟೇ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದೀರಿ, ಹಾಕಿಲ್ಲ.

ಪ್ರಶ್ನೆ: ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಾವು ಯಾವಾಗಲೂ ಗೋಣಿಚೀಲ ತರಿಸುವ ಪಾರ್ಟಿಯಿಂದ ಮೇಲ್ ಬಂತು, 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ' ಅಂತ. ಜೊತೆಗೆ ಹಳೆಯ ಬಿಲ್ಲೂ ಇತ್ತು. 2,40,000 ರೂಪಾಯಿ ಕಳಿಸಿದೆ. ಎರಡು ದಿನ ಬಿಟ್ಟು ಪಾರ್ಟಿಯವರು ಫೋನ್ ಮಾಡಿ ದುಡ್ಡು ಬಂದಿಲ್ಲ ಅಂದರು. ಈಗ ಯಜಮಾನರು ತಿಂಗಳಿಗೆ 5,000 ನನ್ನ ಸಂಬಳದಲ್ಲಿ ಹಿಡಿಯುತ್ತಾರಂತೆ. ತಪ್ಪು ನನ್ನದೇನಾ?

ಮೊದಲು ದುಡ್ಡಿನ ಮಾತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದೀರಾ? ನಿಮ್ಮ ಪತ್ರದಲ್ಲಿ ಆ ವಿಷಯವೇ ಇಲ್ಲ. ಇಂಥ ದುಡ್ಡು ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಹೋಗಿ ಕೊನೆಗೆ ಯಾವುದೋ ಊರಿನ ಎಟಿಎಂನಲ್ಲಿ ನೋಟಾಗಿ ಹೊರಗೆ ಬರುತ್ತದೆ. 1930ಕ್ಕೆ ಹೇಳಿದರೆ ಆ ಸರಪಳಿಯಲ್ಲಿರುವ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಇನ್ನೂ ಉಳಿದಿರುವ ದುಡ್ಡನ್ನು ತಡೆಹಿಡಿಯುತ್ತಾರೆ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದರೆ ಒಳ್ಳೆಯದು. ಹಾಗಂತ ಎರಡು ದಿನ ಆಯ್ತು ಅಂತ ಕೈಬಿಡಬೇಡಿ. ಇವತ್ತೇ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ಬರೆದುಕೊಡಿ, ದುಡ್ಡು ಕಳಿಸಿದಾಗ ಬಂದ ಯುಟಿಆರ್ ನಂಬರ್, ಅಂದರೆ ಆ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ, ಕೈಯಲ್ಲಿರಲಿ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ದೂರು ಕೊಡಿ. ಆ ಮೇಲನ್ನು ಮಾತ್ರ ಸಿಟ್ಟಿನಲ್ಲಿ ಅಳಿಸಬೇಡಿ, ಅದು ಮುಖ್ಯ ಸಾಕ್ಷಿ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ ಮಾತು. ಹಳೆಯ ಬಿಲ್ ಜೊತೆಗಿತ್ತು ಅಂದಿರಿ. ಆ ಬಿಲ್ ಕಳ್ಳನಿಗೆ ಸಿಕ್ಕಿದ್ದು ಎಲ್ಲಿಂದ? ನಿಮ್ಮ ಮೇಲ್ ಅಥವಾ ಆ ಪಾರ್ಟಿಯ ಮೇಲ್, ಎರಡರಲ್ಲಿ ಒಂದನ್ನು ಯಾರೋ ಕೂತು ಓದುತ್ತಿದ್ದಾರೆ. ಯಾರು ಯಾರಿಗೆ ಎಷ್ಟು ಕೊಡಬೇಕು, ಯಾವ ವಾರ ಕೊಡುತ್ತಾರೆ ಎಲ್ಲ ನೋಡಿಕೊಂಡು, ಸಮಯ ಕಾದು ಮೇಲ್ ಹಾಕಿದ್ದಾರೆ. ಆದ್ದರಿಂದ ಇವತ್ತೇ ಇಮೇಲ್ ಪಾಸ್‌ವರ್ಡ್ ಬದಲಿಸಿ, 'ಎಲ್ಲಾ ಸಾಧನಗಳಿಂದ ಲಾಗ್‌ಔಟ್' ಅಂತ ಇರುವುದನ್ನು ಒತ್ತಿ. ಆಮೇಲೆ ಸೆಟ್ಟಿಂಗ್ಸ್ ಒಳಗೆ ಹೋಗಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ನೋಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ನಿಮಗೆ ಬರುವ ಪ್ರತಿ ಇಮೇಲಿನ ಒಂದು ನಕಲು ತನಗೂ ಬರುವಂತೆ ಕಳ್ಳ ಅಲ್ಲಿ ಏರ್ಪಾಟು ಮಾಡಿಟ್ಟಿದ್ದರೆ, ಪಾಸ್‌ವರ್ಡ್ ಬದಲಿಸಿದರೂ ಅವನಿಗೆ ಓದು ನಿಲ್ಲುವುದಿಲ್ಲ. ಗೋಣಿಚೀಲದ ಪಾರ್ಟಿಯವರಿಗೂ ಇದನ್ನೇ ಮಾಡಲು ಹೇಳಿ.

ಮೇಲ್ ವಿಳಾಸವನ್ನೂ ಇನ್ನೊಮ್ಮೆ ನಿಧಾನವಾಗಿ ಓದಿ. ಇಂಗ್ಲಿಷಿನ ಎಂ ಅಕ್ಷರ ಇರಬೇಕಾದ ಕಡೆ ಆರ್ ಮತ್ತು ಎನ್ ಎರಡನ್ನು ಪಕ್ಕಪಕ್ಕ ಇಟ್ಟರೆ ಚಿಕ್ಕ ಪರದೆಯಲ್ಲಿ ಥೇಟ್ ಎಂ ಥರಾನೇ ಕಾಣುತ್ತದೆ. ನಾನೇ ಒಂದು ಮಂಡಿಯಲ್ಲಿ ಚೀಲದ ಮೇಲೆ ಕೂತು, ಮೊಬೈಲಿನಲ್ಲಿ ಎರಡು ವಿಳಾಸವನ್ನು ಒಂದರ ಕೆಳಗೊಂದು ಇಟ್ಟುಕೊಂಡು ಐದು ನಿಮಿಷ ನೋಡಿದ್ದೇನೆ. ಅಕ್ಷರ ದೊಡ್ಡದು ಮಾಡಿದ ಮೇಲೇ ವ್ಯತ್ಯಾಸ ಕಂಡಿದ್ದು. ಅದೂ ಮೋಸ ಅಂತ ಗೊತ್ತಿದ್ದು ಹುಡುಕುವವನಿಗೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳನ್ನು ಒಂದೇ ಸಮ ಚೀಟಿ ಬರೆಯುತ್ತಿರುವವರಿಗೆ ಕಾಣುತ್ತದಾ?

ಈ ಕಾರಣಕ್ಕೇ ಹೇಳುತ್ತೇನೆ, ತಪ್ಪು ನಿಮ್ಮೊಬ್ಬರದಲ್ಲ. ನಿಮ್ಮ ಯಜಮಾನರಿಗೆ ಈ ಪುಟ ತೋರಿಸಿ. ಸ್ವಾಮಿ, ಎರಡೂವರೆ ಲಕ್ಷದ ಹತ್ತಿರದ ದುಡ್ಡು ಒಬ್ಬರ ಕಣ್ಣು, ಒಂದು ಮೇಲ್ ನಂಬಿಕೊಂಡು ಹೊರಗೆ ಹೋಗುವ ಹಾಗೆ ಮಂಡಿ ನಡೆಸಿದ್ದು ನೀವು. ಖಾತೆ ನಂಬರ್ ಬದಲಾಯ್ತು ಅಂತ ಯಾರೇ ಹೇಳಲಿ, ಮೊದಲಿನಿಂದ ನಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ, ದನಿ ಗುರುತಿರುವ ಮನುಷ್ಯನ ಹತ್ತಿರ ಕೇಳಿದ ಮೇಲೇ ದುಡ್ಡು. ಮೇಲಿನಲ್ಲೇ ಕೊಟ್ಟ ನಂಬರಿಗೆ ಅಲ್ಲ. ಇಂತಿಷ್ಟು ಮೊತ್ತ ದಾಟಿದರೆ ಇಬ್ಬರು ನೋಡಬೇಕು. ಈ ಎರಡು ನಿಯಮ ಇದ್ದಿದ್ದರೆ ದುಡ್ಡು ಉಳಿಯುತ್ತಿತ್ತು. ಸಂಬಳ ಹಿಡಿದರೆ ಏನಾಗುತ್ತದೆ ಗೊತ್ತಾ? ಮುಂದಿನ ಸಲ ಇಂಥದ್ದಾದಾಗ ನಿಮ್ಮ ರೈಟರ್ ನಿಮಗೆ ಹೇಳುವುದೇ ಇಲ್ಲ, ಹೇಗಾದರೂ ಸರಿಮಾಡೋಣ ಅಂತ ಮುಚ್ಚಿಡುತ್ತಾರೆ. ಆಗ ಹೋಗುವ ದುಡ್ಡು ಇದಕ್ಕಿಂತ ಜಾಸ್ತಿ.

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಸೊಸೈಟಿಯೊಂದರ ಕಾರ್ಯದರ್ಶಿ ನಾನು. ನಾಲ್ಕು ಜನ, ಮೂರು ಕಂಪ್ಯೂಟರ್, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್. ಒಬ್ಬರು ರಜೆ ಹಾಕಿದರೆ ಕೆಲಸ ನಿಲ್ಲಬಾರದಲ್ವಾ, ಅದಕ್ಕೆ. ಆಡಿಟಿಗೆ ಬಂದವರು ಬೇರೆ ಬೇರೆ ಮಾಡಿ, ಓಟಿಪಿ ಇಡಿ ಅಂದರು. ಮಳೆಗಾಲದಲ್ಲಿ ನಮ್ಮಲ್ಲಿ ಸಿಗ್ನಲ್ ಸಿಗುವುದು ಗುಡ್ಡ ಹತ್ತಿದರೆ ಮಾತ್ರ. 'ನಮ್ಮಂಥ ಸಣ್ಣ ಸೊಸೈಟಿಗೆ ಯಾರು ಬರ್ತಾರೆ' ಅಂತ ಅಧ್ಯಕ್ಷರು ಕೇಳುತ್ತಾರೆ.

ಅಧ್ಯಕ್ಷರ ಪ್ರಶ್ನೆ ಸಹಜವೇ. ಆದರೆ ಇವರು ಮನೆ ನೋಡಿ ಬರುವ ಕಳ್ಳರಲ್ಲ. ಇಡೀ ಬೀದಿಯ ಬಾಗಿಲುಗಳನ್ನೆಲ್ಲ ಯಂತ್ರ ತಳ್ಳುತ್ತಾ ಹೋಗುತ್ತದೆ, ತೆರೆದುಕೊಂಡಿದ್ದರೊಳಗೆ ನುಗ್ಗುತ್ತದೆ. ಬಾಗಿಲು ಸೊಸೈಟಿಯದ್ದೋ ದೊಡ್ಡ ಬ್ಯಾಂಕಿನದ್ದೋ ಅಂತ ಆಮೇಲೆ ನೋಡುತ್ತಾರೆ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ಕಂಪ್ಯೂಟರ್ ಸೇವೆ ಕೊಡುವ ಒಂದು ಕಂಪನಿಗೆ ಇಂಥ ದಾಳಿ ಆದಾಗ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಜಾಲವನ್ನು ಮುನ್ನೆಚ್ಚರಿಕೆಗೆ ಅಂತ ಕಡಿದುಹಾಕಬೇಕಾಯ್ತು. ಯುಪಿಐ, ಎಟಿಎಂ ಬಂದ್. ಅವರಲ್ಲಿ ಹೆಚ್ಚಿನವರು ಸಣ್ಣವರೇ.

ಒಂದೇ ಪಾಸ್‌ವರ್ಡ್ ಇಟ್ಟರೆ ಕಳ್ಳ ಬರುವುದಕ್ಕಿಂತ ಮೊದಲೇ ಇನ್ನೊಂದು ನಷ್ಟ ಇದೆ. ನಾಳೆ ಯಾರದೋ ಉಳಿತಾಯ ಖಾತೆಯಲ್ಲಿ ಒಂದು ನಮೂದು ತಪ್ಪಾಗಿ ಕಂಡರೆ, ಮಾಡಿದ್ದು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕೂ ಜನರ ಮೇಲೆ ಅನುಮಾನ ಬರುತ್ತದೆ, ಮೂರು ಜನ ಸುಮ್ನೆ ನೋಯುತ್ತಾರೆ. ನೀವು ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಕೊಡುವುದು ಅವರ ಮರ್ಯಾದೆ ಕಾಪಾಡಲಿಕ್ಕೆ ಅಂತ ಹೇಳಿ, ಒಪ್ಪುತ್ತಾರೆ. ರಜೆಯ ಸಮಸ್ಯೆಗೆ, ಇಬ್ಬರಿಗೆ ಒಂದೇ ಕೆಲಸದ ಅಧಿಕಾರ ಕೊಟ್ಟಿಡಿ, ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಪಿಗ್ಮಿ ಸಂಗ್ರಹ ನಮೂದಿಸುವವರಿಗೆ ಸಾಲ ಮಂಜೂರಿನ ಪುಟ ತೆರೆಯುವ ಅಗತ್ಯ ಇಲ್ಲ. ಕೆಲಸ ಬಿಟ್ಟು ಹೋದವರ ಲಾಗಿನ್ ಅವತ್ತು ಸಂಜೆಯೇ ಮುಚ್ಚಬೇಕು. ಎಷ್ಟೇ ಒಳ್ಳೆಯವರಾಗಿರಲಿ. ಬೀರುವಿನ ಕೀ ವಾಪಸ್ ಇಸ್ಕೊಳ್ಳುತ್ತೀರಿ ಅಲ್ವಾ, ಇದೂ ಅಷ್ಟೇ.

ಸಿಗ್ನಲ್ ವಿಷಯಕ್ಕೆ ಒಳ್ಳೆಯ ದಾರಿ ಇದೆ, ಮಲೆನಾಡಿನವರಿಗೆ ಇದನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ ಅನ್ನುವುದೇ ನನ್ನ ಬೇಸರ. ಎಸ್ಸೆಮ್ಮೆಸ್ಸಿನಲ್ಲಿ ಬರುವ ಓಟಿಪಿಗೆ ನೆಟ್‌ವರ್ಕ್ ಬೇಕು. ಆಥೆಂಟಿಕೇಟರ್ ಅನ್ನುವ ಆ್ಯಪ್‌ಗೆ ಬೇಡ. ಅದರಲ್ಲಿ ಆರು ಅಂಕಿಯ ನಂಬರ್ ಪ್ರತಿ 30 ಸೆಕೆಂಡಿಗೆ ಬದಲಾಗುತ್ತಾ ಇರುತ್ತದೆ. ಮೊದಲ ಸಲ ಕ್ಯೂಆರ್ ಚೌಕ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಸಂಖ್ಯೆ ನಿಮ್ಮ ಮೊಬೈಲಿನಲ್ಲೂ ಆ ಕಡೆಯ ಕಂಪ್ಯೂಟರಿನಲ್ಲೂ ಉಳಿಯುತ್ತದೆ. ಆಮೇಲೆ ಎರಡೂ ಕಡೆ ಆ ಗುಟ್ಟು ಮತ್ತು ಗಡಿಯಾರದ ಸಮಯ ಸೇರಿಸಿ ಲೆಕ್ಕ ಹಾಕುತ್ತಾರೆ, ಲೆಕ್ಕ ಒಂದೇ ಆದ್ದರಿಂದ ಉತ್ತರವೂ ಒಂದೇ. ಮೊಬೈಲಿನ ಗಡಿಯಾರ ಸರಿ ಇದ್ದರೆ ಸಾಕು, ಆಗುಂಬೆ ಕಾಡಿನ ನಡುವೆಯೂ ನಂಬರ್ ಬರುತ್ತದೆ. ನಿಮ್ಮ ಸೊಸೈಟಿಯ ತಂತ್ರಾಂಶದಲ್ಲಿ ಈ ಅನುಕೂಲ ಇದೆಯಾ ಅಂತ ಸಾಫ್ಟ್‌ವೇರಿನವರನ್ನು ಕೇಳಿ, ಇಲ್ಲದಿದ್ದರೆ ಕೊಡಿ ಅಂತ ಒತ್ತಾಯ ಮಾಡಿ. ಇಮೇಲಿಗಂತೂ ಇವತ್ತೇ ಹಾಕಿಕೊಳ್ಳಬಹುದು. ಮೊಬೈಲ್ ಕಳೆದರೆ ಬೇಕಾಗುತ್ತದೆ ಅಂತ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ.

ಸಾಫ್ಟ್‌ವೇರಿನವರು ಅಂದ ಕೂಡಲೇ ನೆನಪಾಯ್ತು. ಅವರು ಬೆಂಗಳೂರಿನಲ್ಲೇ ಕೂತು, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಅನ್ನುವ ತಂತ್ರಾಂಶ ಹಾಕಿ ರಿಪೇರಿ ಮಾಡುತ್ತಾರೆ ಅಲ್ವಾ? ಅವರಿಗೆ ಯಾವಾಗ ಬೇಕಾದರೂ ಒಳಗೆ ಬರುವ ಕಾಯಂ ಪಾಸ್‌ವರ್ಡ್ ಕೊಟ್ಟಿದ್ದರೆ ತೆಗೆಸಿ. ಕೆಲಸ ಇದ್ದಾಗ ಫೋನ್ ಮಾಡಲಿ, ನೀವು ತೆರೆಯಿರಿ, ಎದುರಿಗೇ ಕೂತಿರಿ, ಮುಗಿದ ಮೇಲೆ ಮುಚ್ಚಿ. ಅಮೆರಿಕದಲ್ಲಿ ಟಾರ್ಗೆಟ್ ಅನ್ನುವ ದೊಡ್ಡ ಅಂಗಡಿ ಸಾಲಿನಿಂದ 2013ರಲ್ಲಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾಯ್ತು. ಕಳ್ಳರು ಬಂದದ್ದು ಎಸಿ, ಫ್ರಿಜ್ ಕೆಲಸದ ಗುತ್ತಿಗೆದಾರರಿಗೆ ಕೊಟ್ಟಿದ್ದ ಲಾಗಿನ್ ಹಿಡಿದುಕೊಂಡು.

ಪ್ರಶ್ನೆ: ಸಾಗರದ ಹತ್ತಿರ ಸಣ್ಣ ನರ್ಸಿಂಗ್ ಹೋಮ್ ನಮ್ಮದು. ರೋಗಿಗಳ ದಾಖಲೆ, ಲ್ಯಾಬ್ ರಿಪೋರ್ಟ್ ಎಲ್ಲ ಕಂಪ್ಯೂಟರಿನಲ್ಲಿದೆ. ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿಕ್ಕಿಸಿಯೇ ಇಟ್ಟಿದ್ದೇವೆ. ಇಷ್ಟು ಸಾಕಲ್ಲವೇ?

ಸಾಕಾಗಲ್ಲ, ಡಾಕ್ಟ್ರೇ. ಬೇಸಿಗೆಯ ಮೊದಲ ಗುಡುಗು ಮಳೆಗೆ ನಮ್ಮ ಕಡೆ ಎಷ್ಟು ಟಿವಿ, ಎಷ್ಟು ಮೋಡೆಮ್ ಸುಡುತ್ತವೆ ಅಂತ ನಿಮಗೇ ಗೊತ್ತು. ಸಿಡಿಲು ಲೈನಿನಲ್ಲಿ ಬಂದರೆ ಕಂಪ್ಯೂಟರ್ ಮತ್ತು ಅದಕ್ಕೆ ಸಿಕ್ಕಿಸಿದ ಡಿಸ್ಕ್ ಎರಡೂ ಒಟ್ಟಿಗೇ ಹೋಗಬಹುದು. ರಾನ್ಸಮ್‌ವೇರ್ ಅಂದರೆ ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ವೈರಸ್. ಅದೂ ಹಾಗೇ. ಸಿಕ್ಕಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ.

ಮೂರು ಪ್ರತಿ ಇರಲಿ, ಎರಡು ಬೇರೆ ಬಗೆಯ ಜಾಗದಲ್ಲಿರಲಿ, ಅದರಲ್ಲಿ ಒಂದು ಕಟ್ಟಡದಿಂದ ಹೊರಗಿರಲಿ. ನಿಮಗೆ ಹೇಳುವುದಾದರೆ, ಎರಡು ಡಿಸ್ಕ್ ತೆಗೆದುಕೊಳ್ಳಿ. ಇವತ್ತು ರಾತ್ರಿ ಒಂದಕ್ಕೆ ತುಂಬಿ, ಕಿತ್ತು, ನಿಮ್ಮ ಮನೆಗೆ ಹೋಗಲಿ. ನಾಳೆ ಇನ್ನೊಂದು. ಇದರ ಜೊತೆ ಕ್ಲೌಡ್‌ನಲ್ಲಿ ಒಂದು ಪ್ರತಿ. ಡಿಸ್ಕಿಗೆ ಎನ್‌ಕ್ರಿಪ್ಷನ್, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂಥ ಬೀಗ, ಹಾಕಿಯೇ ಮನೆಗೆ ಒಯ್ಯಿರಿ, ದಾರಿಯಲ್ಲಿ ಬಿದ್ದುಹೋದರೆ ಬೇರೆಯವರ ಕಾಯಿಲೆಯ ವಿವರ ಬೀದಿಗೆ ಬರಬಾರದು.

2017ರ ಜೂನ್ 27ರಂದು ಮೆರ್ಸ್ಕ್ ಅನ್ನುವ ಹಡಗು ಕಂಪನಿಗೆ ನಾಟ್‌ಪೆಟ್ಯಾ ಅನ್ನುವ ವೈರಸ್ ಹೊಕ್ಕಿತು. ಇಡೀ ಜಾಲವನ್ನು ಮತ್ತೆ ಕಟ್ಟಲು ಬೇಕಾಗಿದ್ದ ಮುಖ್ಯ ಸರ್ವರಿನ ಪ್ರತಿಗಳು ಲೋಕದ ಬೇರೆ ಬೇರೆ ಆಫೀಸುಗಳಲ್ಲಿದ್ದವು. ಆದರೆ ಎಲ್ಲವೂ ಒಂದಕ್ಕೊಂದು ಜೋಡಿಸಿಕೊಂಡೇ ಇದ್ದದ್ದರಿಂದ ಎಲ್ಲವೂ ಅಳಿಸಿಹೋದವು. ಉಳಿದದ್ದು ಆಫ್ರಿಕಾದ ಘಾನಾ ದೇಶದ ಆಫೀಸಿನದ್ದು ಒಂದೇ. ಯಾಕೆ ಗೊತ್ತಾ? ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಅಲ್ಲಿನ ಸಿಬ್ಬಂದಿಯೊಬ್ಬರು ಆ ಡಿಸ್ಕನ್ನು ವಿಮಾನದಲ್ಲಿ ನೈಜೀರಿಯಾಕ್ಕೆ ತಂದು ಇನ್ನೊಬ್ಬರ ಕೈಗೆ ಕೊಟ್ಟು, ಅವರು ಇಂಗ್ಲೆಂಡಿಗೆ ಒಯ್ದ ಮೇಲೆ ಕಂಪನಿ ಎದ್ದು ನಿಂತಿತು. ನಾವು ದಿನಾ ಬೈಯುವ ಕರೆಂಟ್ ಕಟ್ ಅಲ್ಲಿ ಕೋಟಿಗಟ್ಟಲೆ ಡಾಲರಿನ ವ್ಯವಹಾರ ಉಳಿಸಿತು. ಹಾಗಾಗಿ ಕಿತ್ತಿಟ್ಟ ಪ್ರತಿಯೇ ಪ್ರತಿ ಅಂತ ನಾನು ಹಟ ಹಿಡಿಯುವುದು.

ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಯಾವುದಾದರೂ ಒಬ್ಬ ರೋಗಿಯ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ವರ್ಷಗಟ್ಟಲೆ ಬ್ಯಾಕಪ್ ಆಗುತ್ತಿದೆ ಅಂದುಕೊಂಡು, ಬೇಕಾದ ದಿನ ಖಾಲಿ ಫೋಲ್ಡರ್ ಕಂಡವರನ್ನು ನಾನು ನೋಡಿದ್ದೇನೆ. ಕಂಪ್ಯೂಟರ್ ನಿಂತ ದಿನ ಕಾಗದದಲ್ಲಿ ಹೇಗೆ ಕೆಲಸ ಮಾಡುವುದು ಅಂತಲೂ ನಿಮ್ಮ ಸಿಸ್ಟರ್‌ಗಳಿಗೆ ಗೊತ್ತಿರಲಿ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ದಾಳಿಯಾದಾಗ ಸುಮಾರು ಎರಡು ವಾರ ಹೊರರೋಗಿಗಳ ಚೀಟಿ, ಲ್ಯಾಬ್ ಎಲ್ಲ ಕೈಬರಹದಲ್ಲೇ ನಡೆಯಬೇಕಾಯ್ತು. ಇನ್ನು ದಾಳಿ ಆಗಿಯೇ ಬಿಟ್ಟರೆ, 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಗೊತ್ತಾದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕು. ಆ ಸಂಸ್ಥೆಯ ಇಮೇಲ್ ವಿಳಾಸವನ್ನು ಈಗಲೇ ಬರೆದು ಗೋಡೆಗೆ ಅಂಟಿಸಿ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ, ಜನರ ವಿವರಕ್ಕೆ ಸರಿಯಾದ ಭದ್ರತೆ ಕೊಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಪ್ರಶ್ನೆ: ಪ್ರಿಂಟಿಂಗ್ ಪ್ರೆಸ್ ಇದೆ. ಕಂಪ್ಯೂಟರ್ ಅಪ್‌ಡೇಟ್ ಕೇಳುತ್ತಾ ಇರುತ್ತದೆ. ಕೆಲಸದ ನಡುವೆ ಯಾರು ಕಾಯುತ್ತಾರೆ ಅಂತ 'ಆಮೇಲೆ' ಒತ್ತುತ್ತೇನೆ. ತೊಂದರೆ ಇದೆಯಾ?

ತೋಟ ಇದೆಯಾ ನಿಮಗೆ? ಇದ್ದರೆ ಬೇಗ ಅರ್ಥವಾಗುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಮಳೆ ಹಿಡಿಯುವ ಮೊದಲೇ ಹೊಡೆಯುತ್ತೇವೆ, 40-45 ದಿನ ಬಿಟ್ಟು ಮತ್ತೊಂದು ಸಲ. ಕೊಳೆ ಕಂಡ ಮೇಲೆ ಹೊಡೆದರೆ ಉದುರಿದ ಕಾಯಿ ವಾಪಸ್ ಗೊನೆ ಸೇರುವುದಿಲ್ಲ. ವನ್ನಾಕ್ರೈ ಅನ್ನುವ ವೈರಸ್ 2017ರ ಮೇ 12ರಂದು ಶುರುವಾಗಿ 150 ದೇಶಗಳ ಕಂಪ್ಯೂಟರ್ ಕೆಡಿಸಿತು. ಅದು ನುಗ್ಗುವ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಎರಡು ತಿಂಗಳು 'ಆಮೇಲೆ' ಒತ್ತಿದವರೇ ಜಾಸ್ತಿ ಸಿಕ್ಕಿಬಿದ್ದರು. ಊಟಕ್ಕೆ ಏಳುವಾಗ ಅಪ್‌ಡೇಟ್ ಒತ್ತಿ ಹೋಗಿ.

ನಿಮ್ಮದು ವಿಂಡೋಸ್ 10 ಆಗಿದ್ದರೆ ಅದರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ದುಡ್ಡು ಕೊಟ್ಟು ಸ್ವಲ್ಪ ಕಾಲ ಮುಂದುವರಿಸಬಹುದು. ಹಳೇ ಡಿಟಿಪಿ ತಂತ್ರಾಂಶಕ್ಕೋಸ್ಕರ ಹಳೇ ಕಂಪ್ಯೂಟರ್ ಬೇಕೇಬೇಕು ಅನ್ನುವುದಾದರೆ ಅದಕ್ಕೆ ಇಂಟರ್ನೆಟ್ ಕೊಡಬೇಡಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರತಿ 30 ದಿನಕ್ಕೆ ಪಾಸ್‌ವರ್ಡ್ ಬದಲಿಸಬೇಕು. ನೆನಪಿಡಲು ಆಗುತ್ತಿಲ್ಲ.

ಆಗುವುದೂ ಇಲ್ಲ, ಮೇಡಂ. ಎಲ್ಲರೂ ಕೊನೆಗೆ 1 ಇದ್ದದ್ದನ್ನು 2 ಮಾಡುತ್ತಾರೆ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಈ ಪದ್ಧತಿ ಬೇಡ ಅಂತ ಹೇಳಿದೆ. ಸೋರಿಕೆಯಾದ ಸುಳಿವಿದ್ದರೆ ಬದಲಿಸಿ, ಇಲ್ಲದಿದ್ದರೆ ಬಿಡಿ. ಉದ್ದ ಇರಲಿ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಹಲಸು, ಜೀಪು, ಕಂಬಳಿ, ಏಳುಗಂಟೆ, ಈ ಥರ. ಇಲ್ಲಿ ಅಚ್ಚಾಗಿದ್ದನ್ನೇ ಇಡಬೇಡಿ. ಒಂದು ಕಡೆ ಇಟ್ಟದ್ದು ಇನ್ನೊಂದು ಕಡೆಗೆ ಬೇಡ. ಮುಖ್ಯೋಪಾಧ್ಯಾಯರಿಗೆ ಈ ಪುಟ ಕೊಡಿ.

ಪ್ರಶ್ನೆ: ಆಗುಂಬೆ ಕಡೆ ಹೋಂಸ್ಟೇ ನಡೆಸುತ್ತೇವೆ. ಬಂದವರೆಲ್ಲ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಆಧಾರ್ ಫೋಟೋ ವಾಟ್ಸಾಪ್‌ನಲ್ಲಿ ಇಸ್ಕೊಳ್ಳುತ್ತೇವೆ. ಸರಿನಾ?

ವೈಫೈ ಕೊಡಿ, ಆದರೆ ಅತಿಥಿಗಳಿಗೇ ಬೇರೆ. ಹೆಚ್ಚಿನ ರೂಟರಿನಲ್ಲಿ 'ಗೆಸ್ಟ್ ನೆಟ್‌ವರ್ಕ್' ಅಂತ ಇರುತ್ತದೆ. ಬಂದವರನ್ನು ಜಗಲಿಯಲ್ಲಿ ಕೂರಿಸುತ್ತೇವೆ, ದೇವರ ಕೋಣೆಗೆ ಬಿಡುವುದಿಲ್ಲ ಅಲ್ವಾ. ನಿಮ್ಮ ಸಿಸಿ ಕ್ಯಾಮೆರಾ, ಲೆಕ್ಕದ ಲ್ಯಾಪ್‌ಟಾಪ್ ಇನ್ನೊಂದರಲ್ಲಿರಲಿ. ರೂಟರ್ ಮತ್ತು ಕ್ಯಾಮೆರಾಕ್ಕೆ ಕಂಪನಿಯವರು ಹಾಕಿಕೊಟ್ಟ 'ಅಡ್ಮಿನ್' ಪಾಸ್‌ವರ್ಡ್ ಬದಲಿಸಿ, ಆ ಪಾಸ್‌ವರ್ಡ್ ಲೋಕಕ್ಕೆಲ್ಲ ಗೊತ್ತು. ಆಧಾರ್ ಕೇಳುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ. ರಿಜಿಸ್ಟರಿಗೆ ಬೇಕಾದಷ್ಟು ಬರೆದುಕೊಂಡ ಮೇಲೆ ಫೋಟೋ ಅಳಿಸಿ, ಗ್ಯಾಲರಿಯಿಂದಲೂ.

ಪ್ರಶ್ನೆ: ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ನಿನ್ನೆ ಕೊರಿಯರ್ ಬಿಲ್ ಅಂತ ಬಂದ ಫೈಲ್ ತೆರೆದೆ. ಕಪ್ಪು ಪರದೆ ಒಂದು ಕ್ಷಣ ಬಂದು ಹೋಯ್ತು. ಆಮೇಲೆ ಏನೂ ಆಗಿಲ್ಲ. ಯಾರಿಗೂ ಹೇಳಿಲ್ಲ. ಕೆಲಸ ಹೋಗುತ್ತದೆ ಅಂತ ಭಯ.

ಈ ಪತ್ರ ಇಮೇಲಿನಲ್ಲಿ ಬಂದದ್ದು, ಕೆಳಗೆ ನಂಬರ್ ಇತ್ತು. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಅಲ್ಲ ಅಂತ ಓದಿದ ಕೂಡಲೇ ಫೋನ್ ಮಾಡಿದೆ. ಹೇಳಿದ್ದು ಇಷ್ಟು. ಕಂಪ್ಯೂಟರಿನ ಹಿಂದಿರುವ ನೆಟ್‌ವರ್ಕ್ ತಂತಿ ಕಿತ್ತುಬಿಡಿ, ವೈಫೈ ಆಫ್ ಮಾಡಿ. ಕಂಪ್ಯೂಟರ್ ಆಫ್ ಮಾಡಬೇಡಿ, ಏನಾಯ್ತು ಅನ್ನುವ ಗುರುತು ಅದರಲ್ಲಿರುತ್ತದೆ. ಆಮೇಲೆ ಎದ್ದು ನಿಮ್ಮ ಮ್ಯಾನೇಜರ್ ಹತ್ತಿರ ಹೋಗಿ, ಎಷ್ಟು ಗಂಟೆಗೆ, ಯಾವ ಫೈಲ್, ಏನು ಕಂಡಿತು ಅಷ್ಟೂ ಹೇಳಿ. ಅವರು ಕೂಗಾಡಿದರೆ ಫೋನ್ ನನಗೆ ಕೊಡಿ ಅಂದೆ.

ಯಾಕೆ ಇಷ್ಟು ಅವಸರ ಅಂದರೆ, ಕೆಲವು ವರ್ಷದ ಹಿಂದೆ ಒಂದು ಆಫೀಸಿನವರು ಸೋಮವಾರ ಬೆಳಿಗ್ಗೆ ನನ್ನನ್ನು ಕರೆಸಿದ್ದರು. ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರಗಳು, ಒಂದೂ ತೆರೆಯುತ್ತಿರಲಿಲ್ಲ. ಶನಿವಾರ ಸಂಜೆ ಒಬ್ಬ ಹುಡುಗ ಇಂಥದ್ದೇ ಫೈಲ್ ತೆರೆದು, ಏನೋ ಸರಿ ಇಲ್ಲ ಅಂತ ಅವನಿಗೆ ಅನ್ನಿಸಿ, ಅಲ್ಲಿ ತಪ್ಪು ಮಾಡಿದವರನ್ನು ಎಲ್ಲರೆದುರು ನಿಲ್ಲಿಸಿ ಬೈಯುವ ಪದ್ಧತಿ ಇದ್ದದ್ದರಿಂದ, ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿದ್ದ. ಭಾನುವಾರ ಇಡೀ ದಿನ ಆ ವೈರಸ್‌ಗೆ ಸಿಕ್ಕಿತು. ಅವನು ಮೂಲೆಯಲ್ಲಿ ನಿಂತಿದ್ದ ರೀತಿ ನನಗಿನ್ನೂ ಮರೆತಿಲ್ಲ.

ಇವರ ಮ್ಯಾನೇಜರ್ ಕೂಗಾಡಲಿಲ್ಲ. ಸಂಜೆ ನನಗೇ ಫೋನ್ ಮಾಡಿದರು. ಆ ಕಂಪ್ಯೂಟರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರಿನಿಂದ ಬದಲಿಸಿದೆವು, ಬ್ಯಾಂಕಿನದ್ದು ಮೊದಲು, ಮೇಲ್ ಎರಡನೆಯದು. ಮಾರನೇ ದಿನ ಪರಿಚಯದ ತಂತ್ರಜ್ಞರೊಬ್ಬರು ಬಂದು ನೋಡಿದಾಗ, ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮ್ ಒಂದು ಕೂತಿರುವುದು ಸಿಕ್ಕಿತು. ಪಕ್ಕದ ಎರಡು ಕಂಪ್ಯೂಟರಿಗೆ ಹರಡಿರಲಿಲ್ಲ. ಇದೊಂದನ್ನು ಪೂರ್ತಿ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿ, ಗುರುವಾರ ಮಧ್ಯಾಹ್ನ ಮತ್ತೆ ಅದೇ ಮೇಜಿನ ಮೇಲೆ ಇಟ್ಟರು. ಪತ್ರ ಬರೆದವರು ಈಗಲೂ ಅಲ್ಲೇ ಕೆಲಸದಲ್ಲಿದ್ದಾರೆ.